ಖಗೋಳ ಛಾಯಾಗ್ರಹಣದಲ್ಲಿ ಕ್ಯಾಮೆರಾ ಕಂಪನ

ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ರಾತ್ರಿ ಆಕಾಶದ ಚಿತ್ರ ತೆಗೆಯುವಾಗ ಉಪಕರಣ ಅದುರಿ ಚಿತ್ರ ಮಸುಕಾಗುವುದುಂಟು. ದೂರದರ್ಶಕ ಚಂದ್ರನ ಜೊತೆಗೆ ಈ ಅದುರನ್ನೂ ಹಿಗ್ಗಿಸಿಬಿಡುತ್ತದೆ. ಸಂಗಮದೂರ 2000 ಮಿ.ಮೀ. ಇದ್ದರೆ 4 ಮೈಕ್ರಾನ್‌ನ ಒಂದು ಪಿಕ್ಸೆಲ್‌ಗೆ ಬೀಳುವ ಆಕಾಶ ಸುಮಾರು 0.4 ಆರ್ಕ್‌ಸೆಕೆಂಡ್ ಮಾತ್ರ. ಒಂದು ಮೀಟರ್ ಉದ್ದದ ಕೊಳವೆಯ ತುದಿ 5 ಮೈಕ್ರಾನ್ ಸರಿದರೂ ನಕ್ಷತ್ರದ ಬಿಂಬ ಎರಡು ಪಿಕ್ಸೆಲ್ ಆಚೆ ಹೋಗಿರುತ್ತದೆ.

ಎಸ್‌ಎಲ್‌ಆರ್ ಕ್ಯಾಮೆರಾದ ಗುಂಡಿ ಒತ್ತಿದಾಗ ಒಳಗಿನ ಕನ್ನಡಿ ಮೇಲಕ್ಕೆ ಬಡಿಯುತ್ತದೆ, ಹಿಂದೆಯೇ ಶಟರ್ ಪರದೆ ಓಡುತ್ತದೆ. ಎಕ್ಸ್‌ಪೋಷರ್ ದೀರ್ಘವಾದಷ್ಟೂ ಹಾನಿ ಹೆಚ್ಚೆಂದು ಹೊಸಬರು ಭಾವಿಸುತ್ತಾರೆ, ಅದು ಸರಿಯಲ್ಲ. ಐದು ನಿಮಿಷದ ಎಕ್ಸ್‌ಪೋಷರಿನಲ್ಲಿ ಮೊದಲ ಒಂದೆರಡು ಸೆಕೆಂಡಿನ ಅದುರು ಲೆಕ್ಕಕ್ಕೇ ಬಾರದು, ಬಹಳ ಪ್ರಕಾಶದ ನಕ್ಷತ್ರಕ್ಕೆ ಸಣ್ಣ ಬಾಲ ಮೂಡಬಹುದಷ್ಟೆ. ನಿಜವಾಗಿ ಕಾಡುವುದು 1/30ರಿಂದ 1 ಸೆಕೆಂಡಿನವರೆಗಿನ ಮಧ್ಯಮ ವೇಗಗಳು. ಬಿದಿಗೆ ಚಂದ್ರ, ಹಿಗ್ಗಿಸಿದ ಶನಿ ಹೆಚ್ಚಾಗಿ ಇಲ್ಲಿಯೇ ಸಿಗುತ್ತವೆ.

ಕನ್ನಡಿಯನ್ನು ಮೊದಲೇ ಎತ್ತಿ ನಿಲ್ಲಿಸುವ ಮಿರರ್ ಲಾಕ್-ಅಪ್, ಕೈ ತಾಗಿಸದೆ ಶಟರ್ ತೆರೆಯುವ ಕೇಬಲ್ ರಿಲೀಸ್ ಅಥವಾ ಸೆಲ್ಫ್ ಟೈಮರ್ ಸಾಮಾನ್ಯ ಪರಿಹಾರಗಳು. ಕನ್ನಡಿಯೇ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಪರದೆಯ ಹೊಡೆತವೂ ತಪ್ಪುತ್ತದೆ.

ಖರ್ಚಿಲ್ಲದ ಹಳೆಯ ಉಪಾಯವೊಂದಿದೆ. ಕಪ್ಪು ರಟ್ಟನ್ನು ಕೊಳವೆಯ ಬಾಯಿಗೆ ತಾಗದಂತೆ ಅಡ್ಡ ಹಿಡಿದು, ನಾವು ಮುಚ್ಚುವವರೆಗೂ ತೆರೆದೇ ಇರುವ ಬಲ್ಬ್ ಸ್ಥಿತಿಯಲ್ಲಿ ಶಟರ್ ತೆರೆಯಬೇಕು. ಅದುರು ನಿಂತ ಮೇಲೆ ರಟ್ಟನ್ನು ಸರಿಸಿ, ಬೇಕಾದಷ್ಟು ಹೊತ್ತು ಬೆಳಕು ಬಿಟ್ಟು, ಮತ್ತೆ ಅಡ್ಡ ಹಿಡಿದು ಶಟರ್ ಮುಚ್ಚಬೇಕು. ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿಗೆ ಕೈ ಸಾಲದು. ಹಾರ್ವರ್ಡ್ ವೀಕ್ಷಣಾಲಯದಲ್ಲಿ ಬಾಂಡ್ ಮತ್ತು ವಿಪ್ಪಲ್ 1850ರಲ್ಲಿ ಅಭಿಜಿತ್ ನಕ್ಷತ್ರದ ಡಗೆರೋಟೈಪ್ ಚಿತ್ರ ತೆಗೆದ ಕಾಲಕ್ಕೆ ಇಂದಿನಂಥ ಶಟರ್‌ಗಳೇ ಇರಲಿಲ್ಲ. ಮುಚ್ಚಳ ತೆಗೆದು ಹಾಕುವುದೇ ಆಗಿನ ರೂಢಿ.

ಕ್ಯಾಮೆರಾಕ್ಕಿಂತ ಮೊದಲು ಅನುಮಾನಿಸಬೇಕಾದದ್ದು ಟ್ರೈಪಾಡನ್ನು. ಹೆಚ್ಚು ಹಿಗ್ಗಿಸುವ ಐಪೀಸಿನಲ್ಲಿ ನಕ್ಷತ್ರವನ್ನು ನೋಡುತ್ತ ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಅದು ಸ್ತಬ್ಧವಾಗುವವರೆಗೆ ಎಣಿಸಬೇಕು. ಒಂದೆರಡು ಸೆಕೆಂಡಾದರೆ ಪರವಾಗಿಲ್ಲ; ಐದು ದಾಟಿದರೆ ಆಧಾರ ಸಾಲದು. ಆಗ ಕಾಲುಗಳನ್ನು ಪೂರ್ತಿ ಉದ್ದ ಮಾಡದೆ ಗಿಡ್ಡಗಿಟ್ಟು, ತಿರುಪುಗಳನ್ನು ಬಿಗಿಮಾಡಿ, ಮಧ್ಯದಲ್ಲಿ ಭಾರ ತೂಗುಹಾಕುತ್ತಾರೆ. ಪಾದಗಳ ಕೆಳಗಿನ ಮೆತ್ತನೆಯ ರಬ್ಬರ್ ಬಿಲ್ಲೆಗಳು ಅದುರನ್ನು ಬೇಗ ಅಡಗಿಸುತ್ತವೆ. ತಾರಸಿಯ ಮೇಲಾದರೆ ಪಕ್ಕದಲ್ಲಿ ಯಾರೂ ಓಡಾಡಬಾರದು. ದೊಡ್ಡ ವೀಕ್ಷಣಾಲಯಗಳಲ್ಲಿ ದೂರದರ್ಶಕದ ಕಂಬವನ್ನು ಕಟ್ಟಡದ ನೆಲಕ್ಕೆ ಸೇರಿಸದೆ ಬೇರೆ ಅಡಿಪಾಯದ ಮೇಲೆ ಎಬ್ಬಿಸುವುದು ಇದೇ ಕಾರಣಕ್ಕೆ.

ಮಸುಕಿಗೆಲ್ಲ ಕಂಪನವೇ ಕಾರಣವಲ್ಲ. ನಕ್ಷತ್ರಗಳು ಗುಂಡಗೆ ಊದಿಕೊಂಡಿದ್ದರೆ ವಾತಾವರಣದ ಚಂಚಲತೆ ಅಥವಾ ಫೋಕಸ್ ತಪ್ಪಿರುವುದು ಕಾರಣ. ಪೂರ್ವ–ಪಶ್ಚಿಮವಾಗಿ ನೇರ ಗೆರೆಯಾಗಿದ್ದರೆ ಹಿಂಬಾಲಿಸುವ ಮೋಟರಿನ ದೋಷವಿರಬಹುದು. ಎಲ್ಲ ನಕ್ಷತ್ರಗಳಿಗೂ ಒಂದೇ ಬಗೆಯ ಸೊಟ್ಟ ಬಾಲ ಅಥವಾ ಜೋಡಿ ಬಿಂಬ ಬಂದಿದ್ದರೆ ಅದುರಿನ ಗುರುತು.

ಗ್ರಹಗಳ ಚಿತ್ರಕ್ಕೆ ಈಗ ಹೆಚ್ಚಿನವರು ವಿಡಿಯೊ ಕ್ಯಾಮೆರಾ ಬಳಸುತ್ತಾರೆ. ಅದರಲ್ಲಿ ಚಲಿಸುವ ಕನ್ನಡಿಯೂ ಇಲ್ಲ, ಶಟರ್ ಪರದೆಯೂ ಇಲ್ಲ. ಸಾವಿರಾರು ಫ್ರೇಮ್‌ಗಳಲ್ಲಿ ಸ್ಪಷ್ಟವಾದವನ್ನಷ್ಟೇ ಆರಿಸಿ ಒಂದರ ಮೇಲೊಂದು ಕೂಡಿಸುವುದರಿಂದ, ಗಾಳಿಗೆ ಕೊಳವೆ ಅಲುಗಿದ ಕ್ಷಣಗಳು ತಾವಾಗಿಯೇ ಬಿಟ್ಟುಹೋಗುತ್ತವೆ.