ಚೀನಿ ಕಲಿಸಿದ ಮೇಷ್ಟ್ರ ತಲೆ ಹೋಯಿತು

1759ರಲ್ಲಿ ಚೀನಾದಲ್ಲಿ ಲಿಯು ಯಾಬಿಯಾನ್ ಎಂಬಾತನ ತಲೆ ಕಡಿದರು. ಆತ ಕಳ್ಳನಲ್ಲ, ಕೊಲೆ ಮಾಡಿದವನೂ ಅಲ್ಲ. ಒಬ್ಬ ಇಂಗ್ಲಿಷಿನವನಿಗೆ ಚೀನಿ ಭಾಷೆ ಕಲಿಸಿದ, ಅರ್ಜಿ ಬರೆಯಲು ನೆರವಾದ ಅನ್ನುವುದೇ ಅವನ ಮೇಲಿದ್ದ ಆರೋಪ.

ನಮ್ಮ ತಾಲ್ಲೂಕು ಕಚೇರಿ ಮುಂದೆ ಅರ್ಜಿ ಬರೆದುಕೊಡುವವರು ಕೂತಿರುತ್ತಾರಲ್ಲ, ವರದಿಗೆ ಹೋದಾಗಲೆಲ್ಲ ಅವರನ್ನು ನೋಡುತ್ತೇನೆ. ಅರ್ಜಿ ಕೊಟ್ಟವನು ತಿಂಗಳುಗಟ್ಟಲೆ ಅಲೆಯುತ್ತಾನೆ, ಬರೆದವರನ್ನು ಯಾರೂ ಕೇಳುವುದಿಲ್ಲ. ಲಿಯು ವಿಷಯದಲ್ಲಿ ಇದು ತಿರುವುಮುರುವಾಯಿತು.

ಆ ಇಂಗ್ಲಿಷಿನವನ ಹೆಸರು ಜೇಮ್ಸ್ ಫ್ಲಿಂಟ್. ಈಸ್ಟ್ ಇಂಡಿಯಾ ಕಂಪನಿಯವನು. ಚಿಕ್ಕ ವಯಸ್ಸಿನಲ್ಲೇ ಚೀನಾ ಸೇರಿ ಭಾಷೆ ಕಲಿತಿದ್ದ. ದಕ್ಷಿಣದ ಬಂದರು ಪಟ್ಟಣ ಕ್ಯಾಂಟನ್‌ನಲ್ಲಿ (ಇವತ್ತಿನ ಗ್ವಾಂಗ್‌ಝೌ) ಸುಂಕದ ಅಧಿಕಾರಿಗಳು ಸಿಕ್ಕಾಪಟ್ಟೆ ವಸೂಲಿ ಮಾಡುತ್ತಿದ್ದಾರೆಂದು ಕಂಪನಿಯ ದೂರಿತ್ತು. ಫ್ಲಿಂಟ್ ಹಡಗು ಹತ್ತಿ ಉತ್ತರಕ್ಕೆ ಟಿಯಾಂಜಿನ್‌ವರೆಗೆ ಹೋಗಿ, ಚಕ್ರವರ್ತಿ ಚಿಯನ್‌ಲಾಂಗ್‌ಗೆ ತಲುಪುವಂತೆ ಚೀನಿಯಲ್ಲೇ ಬರೆದ ದೂರು ಕೊಟ್ಟ. ವಿಚಾರಣೆ ನಡೆಯಿತು. ಸುಂಕದ ಮುಖ್ಯಾಧಿಕಾರಿ ಕೆಲಸ ಕಳೆದುಕೊಂಡ. ದೂರು ಕೊಟ್ಟ ಫ್ಲಿಂಟ್‌ನನ್ನು ಮಕಾವ್‌ನಲ್ಲಿ 3 ವರ್ಷ ಸೆರೆಯಲ್ಲಿಟ್ಟು ದೇಶದಿಂದ ಹೊರಹಾಕಿದರು. ಲಿಯು ಜೀವ ಹೋಯಿತು. ದೂರು ನಿಜವಾದರೂ ಶಿಕ್ಷೆ ತಪ್ಪಲಿಲ್ಲ, ಅದರಲ್ಲೂ ಎಲ್ಲರಿಗಿಂತ ದೊಡ್ಡ ಶಿಕ್ಷೆ ಸ್ಥಳೀಯನಿಗೆ.

ಭಾಷೆ ಕಲಿತರೆ ಸರ್ಕಾರಕ್ಕೇನು ಕಷ್ಟ ಅಂತ ನಿಮಗೆ ಅನ್ನಿಸಬಹುದು. ಆಗ ಪಶ್ಚಿಮದ ವ್ಯಾಪಾರಿಗಳ ಹಡಗುಗಳಿಗೆ ಕ್ಯಾಂಟನ್ ಒಂದೇ ಬಂದರು. ಅವರು ಊರೊಳಗೆ ಹೋಗುವಂತಿಲ್ಲ, ಅಧಿಕಾರಿಗಳನ್ನು ನೇರ ಕಾಣುವಂತಿಲ್ಲ. ಏನೇ ಇದ್ದರೂ ಪರವಾನಗಿ ಇದ್ದ ಚೀನಿ ವರ್ತಕರ ಮೂಲಕವೇ ಹೇಳಬೇಕು. ಮಾತುಕತೆಯೆಲ್ಲ ಇಂಗ್ಲಿಷ್ ಪದಗಳನ್ನು ಚೀನಿ ಜೋಡಣೆಯಲ್ಲಿ ಆಡುವ ಒಂದು ಮುರುಕು ಭಾಷೆಯಲ್ಲಿ. ಚಹಾ, ರೇಷ್ಮೆಯ ಲೆಕ್ಕಕ್ಕೆ ಅಷ್ಟು ಸಾಕು, ಚಕ್ರವರ್ತಿಗೆ ದೂರು ಬರೆಯಲು ಸಾಲದು. ಅಧಿಕಾರಿಗಳಿಗೂ ಬೇಕಾಗಿದ್ದದ್ದು ಅದೇ.

ಚೀನಿ ಬರಹವೋ ಮೇಷ್ಟ್ರಿಲ್ಲದೆ ದಕ್ಕುವಂಥದ್ದಲ್ಲ. ನಮಗೆ ಕಾಗುಣಿತ, ಒತ್ತಕ್ಷರ ಬಂದರೆ ಗೊತ್ತಿಲ್ಲದ ಪದವನ್ನೂ ಓದಿಬಿಡುತ್ತೇವೆ. ಅಲ್ಲಿ ಸಾವಿರಾರು ಚಿಹ್ನೆಗಳನ್ನು ಒಂದೊಂದಾಗಿ ನೆನಪಿಡಬೇಕು. ಮಾತಿನಲ್ಲಿ ದನಿ ಏರಿಳಿದರೆ ಅರ್ಥವೇ ಬೇರೆ.

ಹೀಗಾಗಿ 1792ರಲ್ಲಿ ಬ್ರಿಟನ್ ತನ್ನ ರಾಯಭಾರಿಯನ್ನು ಚೀನಾಕ್ಕೆ ಕಳಿಸಲು ಹೊರಟಾಗ ಇಡೀ ದೇಶದಲ್ಲಿ ಒಬ್ಬ ದುಭಾಷಿ ಸಿಗಲಿಲ್ಲ. ಇಟಲಿಯ ನೇಪಲ್ಸ್‌ನಲ್ಲಿ ಓದುತ್ತಿದ್ದ ಇಬ್ಬರು ಚೀನಿ ಪಾದ್ರಿಗಳನ್ನು ಹುಡುಕಿ ತಂದರು. ಅವರಿಗೆ ಲ್ಯಾಟಿನ್ ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ! ಹಡಗಿನಲ್ಲಿದ್ದ ಜಾರ್ಜ್ ಸ್ಟಾಂಟನ್ ಎಂಬ ಪುಟ್ಟ ಹುಡುಗ ಅವರಿಂದ ದಾರಿಯುದ್ದಕ್ಕೂ ಚೀನಿ ಕಲಿತ. 1793ರಲ್ಲಿ ಚಕ್ರವರ್ತಿಯ ಎದುರು ನಿಂತು ನಾಲ್ಕು ಮಾತಾಡಿದಾಗ ಚಕ್ರವರ್ತಿ ತನ್ನ ಸೊಂಟದ ಚೀಲವನ್ನೇ ಬಿಚ್ಚಿ ಕೊಟ್ಟ. ಕಲಿತವನಿಗೆ ಉಡುಗೊರೆ. ಇಬ್ಬರು ಮೇಷ್ಟ್ರುಗಳಲ್ಲಿ ಒಬ್ಬರು ಅಷ್ಟರಲ್ಲಾಗಲೇ ಸರ್ಕಾರಕ್ಕೆ ಹೆದರಿ ಮಕಾವ್‌ನಲ್ಲಿ ಇಳಿದು ಹೋಗಿದ್ದರು.

ನನಗೆ ಹೆಚ್ಚು ಹಿಡಿಸಿದ್ದು ರಾಬರ್ಟ್ ಮಾರಿಸನ್ ಕಥೆ. ಬೂಟು ಹೊಲಿಯಲು ಬೇಕಾದ ಮರದ ಅಚ್ಚು ಮಾಡುವವನ ಮಗ, ಮುಂದೆ ಪಾದ್ರಿಯಾದವನು. ಲಂಡನ್‌ನಲ್ಲಿದ್ದ ಯಾಂಗ್ ಸಾಮ್‌ತಾಕ್ ಎಂಬ ಚೀನಿ ಯುವಕ ಇವನ ಮೊದಲ ಮೇಷ್ಟ್ರು. ಒಂದು ದಿನ ಮೇಷ್ಟ್ರು ಬರೆದುಕೊಟ್ಟ ಅಕ್ಷರಗಳನ್ನು ಬಾಯಿಪಾಠ ಮಾಡಿ, ಮಾರಿಸನ್ ಕಾಗದವನ್ನು ಬೆಂಕಿಗೆ ಹಾಕಿಬಿಟ್ಟ. ಮೇಷ್ಟ್ರಿಗೆ ಕೆಂಡದಂಥ ಸಿಟ್ಟು ಬಂತು, 3 ದಿನ ಪಾಠವೇ ಇಲ್ಲ. ಆಮೇಲೆ ಒರೆಸಿ ಬರೆಯಬಹುದಾದ ತಗಡಿನ ಮೇಲೆ ಪಾಠ ಸಾಗಿತು ಎಂದು ಅವನ ಜೀವನಚರಿತ್ರೆಗಳಲ್ಲಿದೆ. ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ಆ ಸಿಟ್ಟನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

1807ರಲ್ಲಿ ಮಾರಿಸನ್ ಕ್ಯಾಂಟನ್‌ಗೆ ಬಂದ. ಹಡಗಿನಲ್ಲಿ ಚೀನಿ ಕಲಿತಿದ್ದ ಆ ಹುಡುಗ ಸ್ಟಾಂಟನ್ ಈಗ ಅಲ್ಲಿ ಕಂಪನಿಯ ನೌಕರ. ಪರದೇಶದವರಿಗೆ ಕಲಿಸಿದ ಚೀನಿಯನಿಗೆ ಮರಣದಂಡನೆ ಎಂದು ಮೊದಲೇ ಎಚ್ಚರಿಸಿದ. ಆದರೂ ಕಲಿಸುವವರು ಗುಟ್ಟಾಗಿ ಸಿಕ್ಕರು. ಅವರಲ್ಲೊಬ್ಬರು ಸದಾ ವಿಷ ಇಟ್ಟುಕೊಂಡೇ ಓಡಾಡುತ್ತಿದ್ದರಂತೆ, ಸಿಕ್ಕಿಬಿದ್ದರೆ ಚಿತ್ರಹಿಂಸೆಗೆ ಮೊದಲೇ ನುಂಗಿಬಿಡಲು. ಸಂಬಳಕ್ಕೋ, ವಿಶ್ವಾಸಕ್ಕೋ, ಅಂತೂ ಅವರು ಪಾಠಕ್ಕೆ ಬಂದರು.

ಆ ಪಾಠದಿಂದ ಹುಟ್ಟಿದ್ದು ಚೀನಿ-ಇಂಗ್ಲಿಷ್ ನಿಘಂಟು. ಮಕಾವ್‌ನಲ್ಲಿ 1815ರಿಂದ 1823ರವರೆಗೆ ಕಂತುಕಂತಾಗಿ ಅಚ್ಚಾಯಿತು. ಮುಖಪುಟದಲ್ಲಿ ಮಾರಿಸನ್ ಹೆಸರಿದೆ.

ಇದೇ ಹೊತ್ತಿಗೆ ಬಂಗಾಳದ ಸೆರಾಂಪುರದಲ್ಲಿ ಜೋಶುವಾ ಮಾರ್ಷ್‌ಮನ್ ಕೂಡ ಚೀನಿ ಕಲಿಯುತ್ತಿದ್ದ. ಅವನ ಮೇಷ್ಟ್ರು ಮಕಾವ್‌ನಲ್ಲಿ ಹುಟ್ಟಿದ ಅರ್ಮೇನಿಯನ್, ಯೋಹಾನಸ್ ಲಸ್ಸಾರ್. ಚೀನಾದ ಕಾನೂನು ಅಲ್ಲಿಗೆ ತಲುಪುತ್ತಿರಲಿಲ್ಲ, ವಿಷ ಕಟ್ಟಿಕೊಳ್ಳುವ ಗೋಜಿಲ್ಲ. ಮಾರ್ಷ್‌ಮನ್ ಬರೆದ ಚೀನಿ ವ್ಯಾಕರಣ 1814ರಲ್ಲಿ ಅಲ್ಲೇ ಅಚ್ಚಾಯಿತು. 3 ವರ್ಷದ ನಂತರ ಅದೇ ಸೆರಾಂಪುರದಲ್ಲಿ ವಿಲಿಯಂ ಕೇರಿ ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣವೂ ಅಚ್ಚಾಯಿತು. ನಮ್ಮ ಭಾಷೆ ಕಲಿಸಿದ್ದಕ್ಕೆ ಯಾರ ತಲೆಯೂ ಹೋಗಲಿಲ್ಲ ಅನ್ನುವುದು ಇದನ್ನೆಲ್ಲ ಓದುವಾಗ ನನಗೆ ಬಂದ ಮೊದಲ ಯೋಚನೆ.

ಚೀನಾದಲ್ಲಿ ಈ ನಿಷೇಧ ಹೋಗಿದ್ದು ಯಾರದೋ ಮನಸ್ಸು ಕರಗಿ ಅಲ್ಲ. ಅಫೀಮು ಯುದ್ಧದಲ್ಲಿ ಬ್ರಿಟನ್ ಎದುರು ಚೀನಾ ಸೋತಿತು. ಅದರ ಬೆನ್ನಿಗೇ ಅಮೆರಿಕವೂ ಬಂದು, 1844ರಲ್ಲಿ ಮಕಾವ್ ಪಕ್ಕದ ವಾಂಗ್‌ಶಿಯಾ ಎಂಬ ಹಳ್ಳಿಯಲ್ಲಿ ಒಪ್ಪಂದ ಮಾಡಿಕೊಂಡಿತು. ಅದರ 18ನೇ ಕಲಮು ಹೇಳುವುದಿಷ್ಟು: ಅಮೆರಿಕನ್ನರು ಚೀನಾದ ಯಾವ ಭಾಗದ ಪಂಡಿತರನ್ನಾದರೂ ಭಾಷೆ ಕಲಿಯಲು ನೇಮಿಸಿಕೊಳ್ಳಬಹುದು, ಪುಸ್ತಕ ಕೊಳ್ಳಬಹುದು. ಮಾರಿಸನ್ ಅದನ್ನು ನೋಡಲು ಬದುಕಿರಲಿಲ್ಲ, 1834ರಲ್ಲೇ ಕ್ಯಾಂಟನ್‌ನಲ್ಲಿ ತೀರಿಕೊಂಡಿದ್ದ. ಲಿಯು ಯಾಬಿಯಾನ್ ಸತ್ತು ಆಗಲೇ 85 ವರ್ಷವಾಗಿತ್ತು.