ಸಾಕು ಇಲಿ

ರಾಟಸ್ ನಾರ್ವೆಜಿಕಸ್ ಎಂಬ ಕಂದು ಇಲಿಯಿಂದ ಬಂದ ತಳಿ. ನಂಜನಗೂಡು, ಟಿ. ನರಸೀಪುರದ ಮನೆಗಳಲ್ಲಿ ಅಟ್ಟ, ಸೂರು ಹತ್ತುವ ಇಲಿ ಬೇರೆ ಪ್ರಭೇದ, ರಾಟಸ್ ರಾಟಸ್: ಕಿವಿ ದೊಡ್ಡದು, ಬಾಲ ಮೈಗಿಂತ ಉದ್ದ. ಭತ್ತದ ಗದ್ದೆಯ ಬದುಗಳಲ್ಲಿ ಬಿಲ ತೋಡಿ ತೆನೆ ಕೂಡಿಡುವುದು ಬ್ಯಾಂಡಿಕೂಟ ಕುಲದ್ದು. ಸಾಕು ಇಲಿಯ ಬಾಲ ಮೈಗಿಂತ ಗಿಡ್ಡ, ಮೂತಿ ಮೊಂಡು. ಕೆಂಗಣ್ಣಿನ ಅಚ್ಚ ಬಿಳಿ ಬಣ್ಣದವು ಹೆಚ್ಚು ಪರಿಚಿತ. ತಲೆ, ಹೆಗಲು ಕಪ್ಪಾಗಿ ಬೆನ್ನುದ್ದ ಪಟ್ಟೆಯಿರುವವೂ ಉಂಟು. ಆಯುಸ್ಸು 2–3 ವರ್ಷ, ಗರ್ಭಾವಧಿ 21–23 ದಿನ. ಬಾಚಿಹಲ್ಲು ಬದುಕಿಡೀ ಬೆಳೆಯುವುದರಿಂದ ಕಡಿಯಲು ಮರದ ತುಂಡು ಬೇಕು. ಇದು ಗುಂಪುಜೀವಿ, ಒಂಟಿಯಾಗಿ ಕೂಡಿಹಾಕುವುದು ಹಿಂಸೆಯೇ ಸರಿ. ನೆಮ್ಮದಿಯಾಗಿದ್ದಾಗ ಹಲ್ಲು ಮಸೆಯುತ್ತದೆ, ಆಗ ಕಣ್ಣುಗುಡ್ಡೆಯೂ ಅದುರುತ್ತದೆ. ಗದ್ದೆಯ ಮರಿಗಳನ್ನು ಹಿಡಿದು ತಂದು ಸಾಕುವುದು ಸಲ್ಲದು: ಅವು ಪಳಗುವುದು ಕಷ್ಟ, ಮೂತ್ರದಿಂದ ಇಲಿಜ್ವರವೂ ಹರಡಬಹುದು.