ಲೆಕ್ಕದ ಎಲ್ಲೆ ಯಾವುದು?

ವ್ಯಾಪಾರಿಯ ಧರ್ಮವು ಅವನ ಮಾತಿಗಿಂತ ಹೆಚ್ಚಾಗಿ ಅವನ ಖಾತೆಪುಸ್ತಕದಲ್ಲಿ ವ್ಯಕ್ತವಾಗುತ್ತದೆ. ಕೊಂಡದ್ದು, ಮಾರಿದ್ದು, ಕೊಡಬೇಕಾದದ್ದು, ಬರಬೇಕಾದದ್ದು ಎಲ್ಲವೂ ಅಲ್ಲಿ ದಾಖಲಾಗುತ್ತವೆ. ಆದರೆ ಕಾರ್ಖಾನೆಯ ಹೊಗೆ, ಹೊಳೆಗೆ ಹರಿದ ಬಣ್ಣದ ನೀರು, ಊರಾಚೆ ಹೂತ ಕಸ ಇವುಗಳಿಗೆ ಅಢಾವೆ ಪತ್ರಿಕೆಯಲ್ಲಿ ಬಹುಕಾಲ ಸ್ಥಾನವೇ ಇರಲಿಲ್ಲ. ಇವುಗಳನ್ನೂ ಲೆಕ್ಕಕ್ಕೆ ತರಲು ಹೊರಟ ಒಂದು ಉದ್ಯಮದ ಇತಿಹಾಸವು ಅದರ ಸಾಧನೆಯಿಂದಲೂ ಅದರ ಲೋಪದಿಂದಲೂ ಬೋಧಪ್ರದವಾಗಿದೆ.

ರೇ ಆ್ಯಂಡರ್ಸನ್ ಅವರು 1973ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಇಂಟರ್‌ಫೇಸ್ ಎಂಬ ಕಂಪನಿಯನ್ನು ಸ್ಥಾಪಿಸಿದರು. ಕಚೇರಿಗಳ ನೆಲಕ್ಕೆ ಹಾಸುವ, ಚೌಕ ತುಂಡುಗಳ ಕಾರ್ಪೆಟ್ ಅದರ ಸರಕು. ಅದರ ನೂಲಾದ ನೈಲಾನ್ ಪೆಟ್ರೋಲಿಯಂನಿಂದ ಬರುವಂಥದು. 1994ರಲ್ಲಿ ಗಿರಾಕಿಗಳು, ‘ಪರಿಸರಕ್ಕಾಗಿ ನೀವು ಮಾಡುತ್ತಿರುವುದೇನು?’ ಎಂದು ಕೇಳತೊಡಗಿದಾಗ, ಕಾನೂನನ್ನು ಪಾಲಿಸುತ್ತೇವೆ ಎಂಬುದಕ್ಕಿಂತ ಹೆಚ್ಚಿನ ಉತ್ತರ ಅವರಲ್ಲಿರಲಿಲ್ಲ. ಆ ವೇಳೆಗೆ ಕೈಸೇರಿದ ಪಾಲ್ ಹಾಕೆನ್ ಅವರ ಕೃತಿಯೊಂದು ಅವರನ್ನು ತೀವ್ರವಾಗಿ ಕಲಕಿತು. ಅರವತ್ತರ ವಯಸ್ಸಿನಲ್ಲಿ ಅವರು ತಮ್ಮ ಉದ್ಯಮದ ದಾರಿಯನ್ನು ಬದಲಿಸಿದರು. 2020ರೊಳಗೆ ನಿಸರ್ಗಕ್ಕಾಗುವ ಹಾನಿಯನ್ನು ಶೂನ್ಯಕ್ಕಿಳಿಸುವುದು ಮುಂದೆ ಕಂಪನಿಯ ಗುರಿಯಾಯಿತು.

ಈ ಕಾರ್ಯಕ್ಕೆ ಬೇಕಾದ ಸಮಗ್ರ ದೃಷ್ಟಿ ಸ್ವೀಡನ್ನಿನಿಂದ ಒದಗಿತು. ಅಲ್ಲಿ ಕ್ಯಾನ್ಸರ್ ವೈದ್ಯರಾದ ಕಾರ್ಲ್ ಹೆನ್ರಿಕ್ ರೊಬೇರ್ ಅವರು 1989ರಲ್ಲಿ ‘ದಿ ನ್ಯಾಚುರಲ್ ಸ್ಟೆಪ್’ ಸಂಸ್ಥೆಯನ್ನು ಆರಂಭಿಸಿದ್ದರು. ಭೂಗರ್ಭದಿಂದ ತೆಗೆದ ವಸ್ತುಗಳು ನಿಸರ್ಗದಲ್ಲಿ ಏರುತ್ತಲೇ ಹೋಗಬಾರದು. ಮಾನವನಿರ್ಮಿತ ರಾಸಾಯನಿಕಗಳೂ ಹಾಗೆಯೇ. ನಿಸರ್ಗದ ಪುನರುತ್ಪಾದನಶಕ್ತಿ ಕುಂದಬಾರದು. ಮನುಷ್ಯರ ಅಗತ್ಯಗಳ ಪೂರೈಕೆಗೆ ಅಡ್ಡಿಯಾಗಬಾರದು. ಈ ನಾಲ್ಕು ನಿಯಮಗಳು ಒಂದು ಯಂತ್ರವನ್ನೋ ಒಂದು ಕಾರ್ಖಾನೆಯನ್ನೋ ಕುರಿತವಲ್ಲ, ಇಡೀ ವ್ಯವಸ್ಥೆಯನ್ನು ಕುರಿತವು.

1995ರಿಂದ ಕಂಪನಿಯು ‘ವ್ಯರ್ಥ’ ಎಂಬ ಶಬ್ದದ ಅರ್ಥವನ್ನೇ ವಿಸ್ತರಿಸಿತು. ಗಿರಾಕಿಗೆ ಪ್ರಯೋಜನವಾಗದ ಪ್ರತಿಯೊಂದು ಖರ್ಚೂ ವ್ಯರ್ಥ. ತಪ್ಪು ವಿಳಾಸಕ್ಕೆ ಹೋದ ಸರಕೂ ವ್ಯರ್ಥ. ಮುಂದೆ ಕಲ್ಲಿದ್ದಲು, ತೈಲಗಳಿಂದ ಪಡೆದ ಶಕ್ತಿಯನ್ನೂ ಅದೇ ಪಟ್ಟಿಗೆ ಸೇರಿಸಲಾಯಿತು. ಈ ಕ್ರಮದಿಂದ 40 ಕೋಟಿ ಡಾಲರಿಗೂ ಮಿಗಿಲಾದ ವೆಚ್ಚ ಉಳಿಯಿತೆಂದು 2009ರಲ್ಲಿ ಆ್ಯಂಡರ್ಸನ್ ತಿಳಿಸಿದರು.

ಎಲ್ಲ ಯತ್ನಗಳೂ ಫಲಿಸಲಿಲ್ಲ. ಕಾರ್ಪೆಟ್ಟನ್ನು ಮಾರುವ ಬದಲು ಬಾಡಿಗೆಗೆ ಕೊಟ್ಟು, ಸವೆದ ತುಂಡುಗಳನ್ನು ಹಿಂಪಡೆದು ಮರುಬಳಸುವ ಯೋಜನೆ ಹೆಚ್ಚು ಗಿರಾಕಿಗಳನ್ನು ಕಾಣಲಿಲ್ಲ. ಅವರ ಸಂಸ್ಥೆಗಳಲ್ಲಿ ಬಂಡವಾಳದ ವೆಚ್ಚ ಒಂದು ವಿಭಾಗದ ಕೈಯಲ್ಲಿ, ನಿರ್ವಹಣೆಯ ವೆಚ್ಚ ಮತ್ತೊಂದರ ಕೈಯಲ್ಲಿ ಇದ್ದುದು ಇದಕ್ಕೊಂದು ಕಾರಣ. ಕಂಪನಿ ತನ್ನ ಲೆಕ್ಕವನ್ನು ತಿದ್ದಿಕೊಂಡರೂ ಗಿರಾಕಿಯ ಲೆಕ್ಕ ಹಳೆಯ ರೀತಿಯಲ್ಲೇ ಉಳಿಯಿತು.

ಆ್ಯಂಡರ್ಸನ್ 2011ರಲ್ಲಿ ನಿಧನರಾದರು. 2019ರಲ್ಲಿ ಕಂಪನಿಯು ಗುರಿ ಸಾಧಿಸಿದುದಾಗಿ ಘೋಷಿಸಿತು. 1996ಕ್ಕೆ ಹೋಲಿಸಿದರೆ ಅದರ ಕಾರ್ಪೆಟ್ ಕಾರ್ಖಾನೆಗಳ ಹಸಿರುಮನೆ ಅನಿಲ ಶೇ. 96ರಷ್ಟು ಇಳಿದಿತ್ತು. ಆದರೆ ಸರಕಿನ ಒಟ್ಟು ಇಂಗಾಲದ ಹೊರೆ ಇಳಿದದ್ದು ಶೇ. 69ರಷ್ಟು. ಎರಡೂ ಕಂಪನಿಯೇ ಪ್ರಕಟಿಸಿದ ಅಂಕಿಗಳು; ಎರಡೂ ಒಂದೇ ಕಾಲದವು. ವ್ಯತ್ಯಾಸವಿರುವುದು ಲೆಕ್ಕದ ಎಲ್ಲೆಯಲ್ಲಿ. ಕಾರ್ಖಾನೆಯ ಗೋಡೆಗೆ ಲೆಕ್ಕ ನಿಂತರೆ ಮೊದಲನೆಯದು. ಬೇರೆಡೆ ತಯಾರಾಗಿ ಬರುವ ನೂಲಿನ ಹೊರೆಯನ್ನೂ ಸೇರಿಸಿದರೆ ಎರಡನೆಯದು. ಮೊದಲನೆಯದನ್ನಷ್ಟೇ ಹೇಳುವುದು ಸುಳ್ಳಲ್ಲ. ಆದರೆ ಪೂರ್ಣ ಸತ್ಯವೂ ಅಲ್ಲ.

ಉಳಿದ ಹೊರೆಗೆ ಪ್ರತಿಯಾಗಿ ಕಂಪನಿಯು ಅನ್ಯರ ಇಂಗಾಲ ಉಳಿತಾಯವನ್ನು ಹಣ ಕೊಟ್ಟು ಕೊಂಡು, ತನ್ನ ಸರಕನ್ನು ‘ಇಂಗಾಲ ತಟಸ್ಥ’ವೆಂದು ಸಾರಿತ್ತು. 2024ರಲ್ಲಿ ಆ ಖರೀದಿಯನ್ನು ಕೈಬಿಟ್ಟು, ತನ್ನ ಸರಕಿನಲ್ಲೇ ಇಳಿತ ಸಾಧಿಸಲು ಹಣ ವಿನಿಯೋಗಿಸುವುದಾಗಿ ಪ್ರಕಟಿಸಿತು. ಪರರ ಜಮೆಯಿಂದ ತನ್ನ ಖರ್ಚನ್ನು ಅಳಿಸುವುದಕ್ಕಿಂತ ಇದು ಕಠಿಣವಾದ ಮಾರ್ಗ.

ಇದೇ ಕಂಪನಿಯ ಹಣದ ಲೆಕ್ಕದಲ್ಲಿ ಲೋಪ ಕಂಡುಬಂದುದನ್ನೂ ಇಲ್ಲಿ ಸ್ಮರಿಸಬೇಕು. 2015 ಮತ್ತು 2016ರ ಕೆಲವು ತ್ರೈಮಾಸಿಕಗಳಲ್ಲಿ, ಮಾರುಕಟ್ಟೆಯ ನಿರೀಕ್ಷೆಗೆ ಸರಿಹೊಂದುವಂತೆ ಆಧಾರವಿಲ್ಲದ ಹೊಂದಾಣಿಕೆಗಳಿಂದ ಲಾಭ ಹೆಚ್ಚಿಸಿ ತೋರಿಸಲಾಯಿತೆಂದು ಅಮೆರಿಕದ ಸೆಕ್ಯುರಿಟೀಸ್ ಅಂಡ್ ಎಕ್ಸ್‌ಚೇಂಜ್ ಕಮಿಷನ್ 2020ರಲ್ಲಿ ತಿಳಿಸಿತು. ಕಂಪನಿಯು ಆರೋಪವನ್ನು ಒಪ್ಪದೆ, ಅಲ್ಲಗಳೆಯದೆ, 50 ಲಕ್ಷ ಡಾಲರ್ ದಂಡ ತೆರಲು ಸಮ್ಮತಿಸಿತು. ನೂಲಿನ ಹೊರೆಯನ್ನು ಅಳೆಯಬಲ್ಲ ಸಂಸ್ಥೆಯೂ ಲಾಭದ ಅಂಕಿಯ ಮುಂದೆ ಎಡವಬಹುದೆಂಬುದು ಸಣ್ಣ ಪಾಠವಲ್ಲ.

ಉದ್ಯಮವೊಂದು ತನ್ನ ಪ್ರಗತಿಯನ್ನು ಅಂಕಿಗಳಲ್ಲಿ ಮುಂದಿಟ್ಟಾಗ ಎರಡು ಪ್ರಶ್ನೆಗಳನ್ನು ಕೇಳುವುದು ಉಚಿತ: ಲೆಕ್ಕದ ಎಲ್ಲೆಯನ್ನು ಎಲ್ಲಿ ಎಳೆಯಲಾಗಿದೆ? ಆ ಎಲ್ಲೆಯ ಹೊರಗೆ ಉಳಿದ ಹೊರೆಯನ್ನು ಹೊರುತ್ತಿರುವವರು ಯಾರು? ತನ್ನ ಅಂಗಡಿಯ ವರ್ಷಾಂತ್ಯದ ಲೆಕ್ಕವನ್ನು ಮುಗಿಸುವ ವರ್ತಕನೂ ಇವೆರಡನ್ನು ತನಗೆ ತಾನೇ ಕೇಳಿಕೊಂಡರೆ, ಅವನ ಖಾತೆಪುಸ್ತಕಕ್ಕೆ ಇನ್ನೂ ಕೆಲವು ಪುಟಗಳು ಬೇಕಾದಾವು.